ಅನಾಗತವಿಧಾತಾ: ಬರುವುದನ್ನು ಮುಂಗಂಡು ನಡೆಯುವವನು

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವನ್ನು ಉಪದೇಶಿಸುವಾಗ ಭೀಷ್ಮಾಚಾರ್ಯರು ಧರ್ಮರಾಜನಿಗೆ ಮೂರು ಮೀನುಗಳ ಕಥೆಯನ್ನು ಹೇಳುತ್ತಾರೆ. ಬೆಸ್ತರು ಕೊಳದ ನೀರನ್ನು ಹೊರಹರಿಸತೊಡಗಿದಾಗ, ದೀರ್ಘದರ್ಶಿಯಾದ ಮೀನು ದಾರಿಯಿರುವಾಗಲೇ ಬೇರೆ ಜಲಾಶಯವನ್ನು ಸೇರಿತು. ಎರಡನೆಯದು ಸಮಯಸ್ಫೂರ್ತಿಯನ್ನು ನಂಬಿ ಉಳಿದು, ಬೆಸ್ತರ ಕೈಗೆ ಸಿಕ್ಕಿಯೂ ಉಪಾಯದಿಂದ ಪಾರಾಯಿತು. "ಆಮೇಲೆ ನೋಡೋಣ" ಎಂದ ದೀರ್ಘಸೂತ್ರವು ಪ್ರಾಣವನ್ನೇ ಕಳೆದುಕೊಂಡಿತು. ಬರಲಿರುವುದಕ್ಕೆ ಮೊದಲೇ ವಿಧಾನ ಮಾಡಿಕೊಳ್ಳುವವನಿಗೆ ಅನಾಗತವಿಧಾತಾ ಎಂದು ಹೆಸರು.

"ಎಲ್ಲವೂ ಹರಿಚಿತ್ತವಾಗಿರುವಾಗ ನಮ್ಮ ಮುಂದಾಲೋಚನೆಗೆ ಏನು ಬೆಲೆ?" ಎಂದು ಕೆಲವು ಆಸ್ತಿಕರು ಕೇಳುವುದುಂಟು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಈ ಆಲಸ್ಯಕ್ಕೆ ಆಶ್ರಯವಿಲ್ಲ. ಜಗತ್ತು ಸತ್ಯ, ಆದುದರಿಂದ ಮಳೆಯೂ ಸತ್ಯ, ಅದರ ವ್ಯತ್ಯಾಸವೂ ಸತ್ಯ. ಜೀವನ ಕರ್ತೃತ್ವವು ಭಗವದಧೀನವೇ ಹೊರತು ಇಲ್ಲವೆಂದಲ್ಲ. ಫಲವನ್ನು ಅವನಿಗೆ ಬಿಡಬೇಕು, ಪ್ರಯತ್ನವನ್ನಲ್ಲ.

ನಮ್ಮ ಉಡುಪಿಯ ಸಂಪ್ರದಾಯವೇ ಇದಕ್ಕೆ ನಿದರ್ಶನ. ಜನವರಿ 18ರಂದು ನಡೆಯುವ ಪರ್ಯಾಯ ಮಹೋತ್ಸವಕ್ಕೆ ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಜರಗುತ್ತವೆ. ಭಕ್ತರು ಎಲೆಯ ಮುಂದೆ ಕುಳಿತ ಮೇಲೆ ಬಾಳೆಯ ಗಿಡ ನೆಡುವ ಪದ್ಧತಿ ಅಲ್ಲಿಲ್ಲ. ಎರಡು ವರ್ಷಗಳ ಅನ್ನಸಂತರ್ಪಣೆ ಹೀಗೆ ದೂರದೃಷ್ಟಿಯ ಮೇಲೆ ನಿಂತಿದೆ.

ಅದೇ ಉಡುಪಿಗೆ ಮುಂಬಯಿಯ ಭಕ್ತರನ್ನು ಕರೆದೊಯ್ಯುವ ಕೊಂಕಣ ರೈಲುಮಾರ್ಗದ ಕಡೆಗೆ ಈಗ ದೃಷ್ಟಿ ಹರಿಸಬಹುದು. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಈ ಮಾರ್ಗವು ಸಹ್ಯಾದ್ರಿಯ ಬಂಡೆ ಮತ್ತು ಮುರಕಲ್ಲಿನ ಗುಡ್ಡಗಳನ್ನು ಸೀಳಿಕೊಂಡು ಸಾಗುತ್ತದೆ. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಬಳಿ ಹಳಿಯ ಮೇಲೆ ಬಂಡೆಗಳುರುಳಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ಗಾಡಿ ಹಳಿತಪ್ಪಿತು. ಐವತ್ತರಷ್ಟು ಜನ ಮೃತರಾದರು. ಮರುವರ್ಷದ ಜೂನ್ 16ರಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಗಾಡಿಗೂ ಅಂಥದೇ ಗತಿಯಾಯಿತು. ಆ ಬಳಿಕ ಗುಡ್ಡದ ಇಳಿಜಾರುಗಳನ್ನು ತಗ್ಗಿಸಿ, ಸಡಿಲ ಬಂಡೆಗಳನ್ನು ಕೆಡವಿ, ಉಕ್ಕಿನ ಬಲೆಗಳನ್ನು ಹೊದಿಸಲಾಯಿತು; ಮಣ್ಣನ್ನು ಹಿಡಿದಿಡಲು ಲಾವಂಚವನ್ನೂ ನೆಡಲಾಯಿತು. ಮಳೆಮಾಪಕಗಳು, ನದಿಯ ನೀರಿನ ಮಟ್ಟವನ್ನು ತಿಳಿಸುವ ಸಾಧನಗಳು ಬಂದವು. ಹೊನ್ನಾವರದ ಶರಾವತಿ ಸೇತುವೆಯಂಥ ಕಡೆ ಗಾಳಿಯ ವೇಗವನ್ನು ಅಳೆಯುವ ಯಂತ್ರಗಳು ಕುಳಿತವು. ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯಿದೆ. ಗ್ಯಾಂಗ್‌ಮನ್ನರು ಸುರಿಯುವ ಮಳೆಯಲ್ಲಿ ಹಗಲಿರುಳೂ ಹಳಿಯನ್ನು ಕಾಯುತ್ತಾರೆ. "ಮಳೆಗಾಲದಲ್ಲಿ ಗಾಡಿ ನಿಧಾನ" ಎಂದು ಗೊಣಗುವ ಪ್ರಯಾಣಿಕರು ಆ ನಿಧಾನವೇ ತಮ್ಮ ರಕ್ಷಾಕವಚವೆಂಬುದನ್ನು ಅರಿಯಬೇಕು.

ಆದರೂ 2024ರ ಜುಲೈ ತಿಂಗಳಲ್ಲಿ ಪೆರ್ನೆಂ ಸುರಂಗದೊಳಗೆ ನೀರು ನುಗ್ಗಿ ಸಂಚಾರ ನಿಂತಿತು. ಕೆಲವೇ ದಿನಗಳಲ್ಲಿ ಖೇಡ್ ಬಳಿ ಗುಡ್ಡ ಕುಸಿಯಿತು. ಮುಂಜಾಗ್ರತೆಯೆಂಬುದು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ, ನಿತ್ಯಕರ್ಮದಂತೆ ಅನುಷ್ಠಾನದಲ್ಲಿರಬೇಕಾದದ್ದು.

ಇನ್ನೊಂದು ಸೂಕ್ಷ್ಮವಿದೆ. ಯಂತ್ರಶಾಸ್ತ್ರಜ್ಞರು ಸೇತುವೆಗೂ ಚರಂಡಿಗೂ ಹಿಂದಿನ ಮಳೆಯ ಲೆಕ್ಕವನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಮುಂಬಯಿಯ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆ ರಚಿತವಾದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಕೊಲಾಬಾದಲ್ಲಿ ಸುಮಾರು 74 ಮಾತ್ರ. ಒಂದೇ ನಗರದಲ್ಲಿ ಇಷ್ಟು ಅಂತರ! ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು. ಸುರಿಯುವಾಗ ಒಮ್ಮೆಲೇ ಸುರಿಸಬಲ್ಲದು. ಅಜ್ಜನ ಕಾಲದ ಮಳೆಯ ಲೆಕ್ಕ ಮೊಮ್ಮಗನ ಕಾಲಕ್ಕೆ ಸಾಲದು.

ಅತಿವೃಷ್ಟಿಯಂತೆ ಅನಾವೃಷ್ಟಿಯೂ ಇದೆ. 2016ರಲ್ಲಿ ಮೀರಜ್‌ನಿಂದ ಲಾತೂರಿಗೆ, 2019ರಲ್ಲಿ ಜೋಲಾರ್‌ಪೇಟೆಯಿಂದ ಚೆನ್ನೈಗೆ ರೈಲುಗಾಡಿಯಲ್ಲಿ ಕುಡಿಯುವ ನೀರು ಸಾಗಿತು. 50 ವ್ಯಾಗನ್ನುಗಳ ಒಂದು ಗಾಡಿಯಲ್ಲಿ ಹೋಗುವುದು ಸುಮಾರು 25 ಲಕ್ಷ ಲೀಟರ್. ಮಹಾನಗರಕ್ಕೆ ಅದು ಆಚಮನಕ್ಕೆ ಸಮಾನ. ಇದು ಎರಡನೆಯ ಮೀನಿನ ಉಪಾಯ. ಶ್ಲಾಘ್ಯವೇ, ಆದರೆ ಸಾಲದು. ಮಳೆಯ ನೀರನ್ನು ಬಿದ್ದಲ್ಲೇ ಇಂಗಿಸುವುದು ಮೊದಲನೆಯದರ ಮಾರ್ಗ.

ಸದ್ಗೃಹಸ್ಥರು ಮಾಡಬಹುದಾದದ್ದು ಬಹಳವಿದೆ. ವಾಸದ ಕಟ್ಟಡದ ಮಾಳಿಗೆಯ ನೀರು ಬಾವಿಗೋ ಇಂಗುಗುಂಡಿಗೋ ಸೇರುವಂತೆ ಮಾಡುವುದು. ಮೃಗಶಿರಾ ಮಳೆಗೆ ಮುನ್ನವೇ ಮೋರಿಗಳನ್ನು ಶುಚಿಗೊಳಿಸುವುದು. ವಿದ್ಯುತ್ ಮೀಟರುಗಳನ್ನು ನೆಲಮಟ್ಟದಿಂದ ಎತ್ತರಿಸುವುದು. ನೆಲಮಹಡಿಯಲ್ಲಿ ಒಂಟಿಯಾಗಿರುವ ವೃದ್ಧರನ್ನು ಮಳೆಯ ರಾತ್ರಿ ಯಾರು ಮೇಲಕ್ಕೆ ಕರೆತರಬೇಕೆಂದು ಮೊದಲೇ ನಿಶ್ಚಯಿಸುವುದು. ಇವೆಲ್ಲ ಸಣ್ಣ ಕೆಲಸಗಳೇ. ಆದರೆ ನೀರು ಹೊಸ್ತಿಲು ದಾಟಿದ ಮೇಲೆ ಇವುಗಳಲ್ಲಿ ಒಂದನ್ನೂ ಮಾಡಲಾಗದು.

ಏಕಾದಶಿಯ ಉಪವಾಸಕ್ಕೆ ದಶಮಿಯಂದೇ ಸಿದ್ಧರಾಗುವ ಮನೆತನಗಳಿಗೆ ಈ ಶಿಸ್ತು ಹೊಸದಲ್ಲ. ಆ ದಶಮಿಯ ಎಚ್ಚರವನ್ನು ನೀರು, ನೆಲ, ನೆರೆಹೊರೆಗಳಿಗೂ ವಿಸ್ತರಿಸಿದರೆ, ಅದೂ ಭಗವಂತನ ಪೂಜೆಯೇ ಆಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥