ನಂಬುಗೆಯೂ ಕಾಣ್ಕೆಯೂ

ಭೂಮಿಯು ತಿರುಗುವುದೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಕಣ್ಣಿಗೆ ಕಾಣುವುದಾದರೋ ಸೂರ್ಯನು ಮೂಡಿ ಮುಳುಗುವುದು. ಗುರುಗಳ ಮಾತು ನಮ್ಮಲ್ಲಿ ಬರಿಯ ಶಬ್ದಪ್ರಮಾಣವಾಗಿಯೇ ಉಳಿದಿದೆ. ಕೋಪರ್ನಿಕಸನ ಗ್ರಂಥವು 1543ರಲ್ಲಿ ಪ್ರಕಟವಾದ ಮೇಲೆ ಮೂರು ಶತಮಾನ ಕಳೆದರೂ ಜನರ ಪಾಡು ಬಹುಮಟ್ಟಿಗೆ ಇದೇ.

1851ರಲ್ಲಿ ಫೂಕೋ ಎಂಬ ವಿಜ್ಞಾನಿಯು ಪ್ಯಾರಿಸ್ಸಿನ ಪಾಂಥಿಯನ್ ಮಂದಿರದ ಗುಮ್ಮಟದಿಂದ 67 ಮೀಟರು ತಂತಿಯಲ್ಲಿ 28 ಕಿಲೋಗ್ರಾಂ ತೂಕದ ಗುಂಡನ್ನು ತೂಗಬಿಟ್ಟನು. ಅದರ ಮೊನೆಯು ಅಂಚಿನ ಮರಳನ್ನು ಗೀರುತ್ತ, ಪ್ರತಿ ಸಲವೂ ಹಿಂದಿನ ಗೀರಿನಿಂದ ತುಸು ಸರಿಯುತ್ತಿದ್ದಿತು. ಗಂಟೆಗೆ ಸುಮಾರು 11 ಡಿಗ್ರಿ. ನೆರೆದವರು ಕಂಡುದು ಗುಂಡನ್ನೇ ಹೊರತು ಭೂಮಿಯ ತಿರುಗನ್ನಲ್ಲ, ಅದು ಅನುಮಾನವೇ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಒಪ್ಪಿದೆವು. ಆದರೂ ತಮ್ಮ ಕಾಲಡಿಯ ನೆಲವೇ ಸರಿಯಿತೆಂಬ ಬೆರಗು ಬಾಯಿಪಾಠದಿಂದ ಬರುವುದೇ?

ಮೈಸೂರಿನಲ್ಲಿ ಇಂತಹ ಲೋಲಕವನ್ನು ಕಟ್ಟಿದರೆ ಗಂಟೆಗೆ ಸುಮಾರು 3 ಡಿಗ್ರಿ ಮಾತ್ರ ಸರಿದೀತು. ನಾವು ಇನ್ನಷ್ಟು ಹೊತ್ತು ಕಾದು ನಿಲ್ಲಬೇಕು.