ಮನೆಯ ಮರಗೆಲಸಕ್ಕೆ ಒಂದು ಸಣ್ಣ ಮೇಜುಗರಗಸ

(ದೊಡ್ಡೇರಿಯಲ್ಲಿ ಕೃಷಿಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಮರ ಉಳಿಸಿ ಎನ್ನುವ ಬಳಗವು ಮರ ಕೊಯ್ಯುವ ಯಂತ್ರದ ಬಗ್ಗೆ ಮಾತನಾಡಲು ನನ್ನನ್ನು ಕರೆದಾಗ, ಕರೆದವರೇ ಸ್ವಲ್ಪ ಸಂಕೋಚದಿಂದ ನಕ್ಕರು. ನನಗೆ ಇದರಲ್ಲಿ ವಿರೋಧವೇನೂ ಕಾಣಲಿಲ್ಲ. ಬಿರುಗಾಳಿಗೆ ನಮ್ಮ ಹಿತ್ತಿಲಿನಲ್ಲಿ ಉರುಳಿದ ಬೇವು ಸೌದೆಯ ಲಾರಿ ಹತ್ತುತ್ತದೆ. ಅದೇ ವಾರ ನಾವು ಪೇಟೆಗೆ ಹೋಗಿ, ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯ ಬೀರುವನ್ನು ಹಣ ತೆತ್ತು ತರುತ್ತೇವೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಕಾಲು ಉಬ್ಬಿ ಬಿರಿಯುತ್ತದೆ. ಆಮೇಲೆ ಅದು ಸೌದೆಗೂ ಬಾರದು, ಗೊಬ್ಬರಕ್ಕೂ ಬಾರದು.

ಈ ಸೀಮೆಗೆ ಮರಗೆಲಸ ಹೊಸದಲ್ಲ. ಶೇಂಗಾ ಬಿತ್ತುವ ಕೂರಿಗೆ, ಕುಂಟೆ, ಗಾಡಿಯ ಚಕ್ರ ಇವೆಲ್ಲ ಕರಿಜಾಲಿಯಲ್ಲಿ ಇಲ್ಲಿಯೇ ಆಗುತ್ತಿದ್ದವು. ಬಡಗಿಗೆ ಸುಗ್ಗಿಯಲ್ಲಿ ಆಯದ ಧಾನ್ಯ ಸಲ್ಲುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆ ಅಟ್ಟ ಸೇರಿತು, ಬಡಗಿಯ ಮಕ್ಕಳು ಬೆಂಗಳೂರು ಸೇರಿದರು. ಆದರೆ ಮರ ಮಾತ್ರ ಇಲ್ಲಿಯೇ ಇದೆ. ಕೆಡವಿದ ಹಳೆಯ ಮಾಳಿಗೆ ಮನೆಗಳ ತೊಲೆಗಳು, ಬದುವಿನ ಹೊಂಗೆ ಮತ್ತು ಬೇವು, ತೋಟದಂಚಿನ ಸಿಲ್ವರ್ ಓಕ್, ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿ ಎಲ್ಲವೂ ನಮ್ಮಲ್ಲಿವೆ. ಇಲ್ಲದಿರುವುದು ಇವನ್ನು ನೇರವಾಗಿ, ಅಳತೆಗೆ ಸರಿಯಾಗಿ ಕೊಯ್ಯುವ ಸಾಧನ.

ಅಳತೆಯ ಮಾತಿಗೆ ಜೇನುಪೆಟ್ಟಿಗೆಯ ಉದಾಹರಣೆ ಸಾಕು. ಮಧುಗಿರಿ ತಾಲ್ಲೂಕಿನ ಹೆಸರಿನಲ್ಲಿಯೇ ಜೇನು ಇದೆಯಲ್ಲವೇ! ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಸುಮಾರು 8 ಮಿಲಿಮೀಟರ್ ಸಂದು ಇರಬೇಕು. ಕಡಿಮೆಯಾದರೆ ಹುಳುಗಳು ಅಂಟಿನಿಂದ ಮುಚ್ಚುತ್ತವೆ, ಹೆಚ್ಚಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. ಕೈಗರಗಸದಲ್ಲಿ ನುರಿತ ಬಡಗಿ ಇದನ್ನು ಸಾಧಿಸಬಲ್ಲ. ನನ್ನಂತಹ ಕೃಷಿಕನಿಗೆ ಒಂದೇ ಅಳತೆಯ ಎಂಬತ್ತು ಪಟ್ಟಿ ಕೊಯ್ಯಬೇಕೆಂದರೆ ಮೇಜುಗರಗಸವೇ ಬೇಕು. ಅಂಗಡಿಗಳಲ್ಲಿ ಇದನ್ನು ಟೇಬಲ್ ಸಾ ಎನ್ನುತ್ತಾರೆ.

ಯಂತ್ರದ ಗುಣ ಹೇಳುವ ಮೊದಲು ನನ್ನ ಎಡಗೈ ನೋಡಿ. ಉಂಗುರದ ಬೆರಳಿನ ಮೊದಲ ಗೆಣ್ಣು ಇಲ್ಲ. 2009ರ ಬೇಸಿಗೆಯಲ್ಲಿ, ಹಣ ಉಳಿಸಬೇಕೆಂದು, ಕೈಯಲ್ಲಿ ಹಿಡಿದು ಕೊಯ್ಯುವ ವೃತ್ತಾಕಾರದ ಗರಗಸವನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು ನಾನೇ ಮೇಜುಗರಗಸ ಮಾಡಿಕೊಂಡಿದ್ದೆ. ಗಾರ್ಡನ್ನು ಹಿಂದಕ್ಕೆ ಎಳೆದು ಕಟ್ಟಿದ್ದೆ. ಸ್ವಿಚ್ಚು ಒತ್ತಿದಂತೆಯೇ ಇರಲೆಂದು ತಂತಿ ಸುತ್ತಿದ್ದೆ. ಹಲಗೆ ಅರ್ಧ ಕೊಯ್ದಿರುವಾಗ ಕರೆಂಟು ಹೋಯಿತು. ಅಲಗು ನಿಂತಿತು. ಸಿಕ್ಕಿಕೊಂಡ ಚೂರನ್ನು ತೆಗೆಯಲು ಕೈ ಹಾಕಿದೆ. ಕರೆಂಟು ಬಂತು. ಅಷ್ಟೇ.

ಇದು ಯಾರ ಮೇಲೂ ಹೊರಿಸುವ ದೂರಲ್ಲ, ಯಂತ್ರದ ತಪ್ಪೂ ಅಲ್ಲ. ಇಂದಿಗೂ ಎಷ್ಟೋ ಕೆಲಸದ ಜಾಗಗಳಲ್ಲಿ ಇದೇ ಏರ್ಪಾಡು ಕಾಣುತ್ತೇನೆ. ಇನ್ನೂ ಕೆಟ್ಟದ್ದೆಂದರೆ, ಕಲ್ಲು ಕೊಯ್ಯುವ ನಾಲ್ಕಿಂಚಿನ ಮಾರ್ಬಲ್ ಕಟರಿಗೆ ಮರದ ಹಲ್ಲಿನ ಅಲಗು ಹಾಕಿ, ಅದನ್ನೇ ತಲೆಕೆಳಗು ಮಾಡುವುದು. ಅದು ನಿಮಿಷಕ್ಕೆ 12ರಿಂದ 13 ಸಾವಿರ ಸುತ್ತು ತಿರುಗುತ್ತದೆ; ಅದರ ಗಾರ್ಡು ಹಲ್ಲಿಲ್ಲದ ಕಲ್ಲಿನ ಬಿಲ್ಲೆಗೆಂದು ಮಾಡಿದ್ದು. ಅಗ್ಗ ಎಂದು ಯಾರಾದರೂ ಇದನ್ನು ತೋರಿಸಿದರೆ ದಯವಿಟ್ಟು ನನ್ನ ಬೆರಳನ್ನು ನೆನೆಯಿರಿ.

ಹಾಗಾದರೆ ಕಡಿಮೆ ಹಣದಲ್ಲಿ ಏನನ್ನು ನೋಡಿ ಕೊಳ್ಳಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ಸ್ವಿಚ್ಚು. ಕರೆಂಟು ಹೋಗಿ ಬಂದಾಗ ತಾನಾಗಿ ತಿರುಗದಂತಹ, ಮತ್ತೆ ಒತ್ತಿದರೆ ಮಾತ್ರ ಹೊರಡುವ ಸ್ವಿಚ್ಚು ಇರಬೇಕು. ಎಲ್ಲ ಅಗ್ಗದ ಯಂತ್ರಗಳಲ್ಲೂ ಇದು ಇರುವುದಿಲ್ಲ, ಮಾರುವವನಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಅಂಗಡಿಯಲ್ಲಿಯೇ ಪರೀಕ್ಷಿಸಿ: ಯಂತ್ರ ತಿರುಗುತ್ತಿರುವಾಗ ಗೋಡೆಯ ಸ್ವಿಚ್ಚನ್ನು ಆರಿಸಿ, ಅಲಗು ಪೂರ್ತಿ ನಿಂತ ಮೇಲೆ ದೂರದಿಂದಲೇ ಮತ್ತೆ ಹಾಕಿಸಿ. ಅಲಗು ತಾನಾಗಿ ತಿರುಗಿದರೆ ಆ ಯಂತ್ರ ನಮ್ಮ ಹಳ್ಳಿಗಳಿಗೆ ತಕ್ಕದ್ದಲ್ಲ. ಪೇಟೆಯವರಿಗೆ ಇದು ಚಿಕ್ಕ ಸಂಗತಿ ಇರಬಹುದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವಲ್ಲಿ ಚಿಕ್ಕದಲ್ಲ.

ಎರಡನೆಯದು ಅಲಗಿನ ಹಿಂದೆ ನಿಲ್ಲುವ ಉಕ್ಕಿನ ತಗಡು. ಇಂಗ್ಲಿಷಿನಲ್ಲಿ ರೈವಿಂಗ್ ನೈಫ್ ಎನ್ನುವ ಇದನ್ನು ನಾನು ಸೀಳುತಗಡು ಎಂದು ಕರೆಯುತ್ತೇನೆ. ಇದರ ಕೆಲಸ ತಿಳಿಯಬೇಕಾದರೆ ಅಲಗು ತಿರುಗುವ ಬಗೆ ತಿಳಿಯಬೇಕು. ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಬಂದು ಮರವನ್ನು ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲೇರುತ್ತ ನಮ್ಮ ಕಡೆಗೆ ಬರುತ್ತವೆ. ಕೊಯ್ದ ಮರ ಒಳಗಿನ ಬಿಗಿ ಸಡಿಲಿ ಮುಚ್ಚಿಕೊಂಡರೆ, ಆ ಹಿಂದಿನ ಹಲ್ಲುಗಳು ಹಲಗೆಯನ್ನು ಕಚ್ಚಿ ಎತ್ತಿ ನಮ್ಮ ಹೊಟ್ಟೆಗೇ ಎಸೆಯುತ್ತವೆ. 10 ಇಂಚಿನ ಅಲಗು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ವಿದ್ಯಾರ್ಥಿಗಳು ವ್ಯಾಸವನ್ನು 254 ಮಿಲಿಮೀಟರ್ ಎಂದಿಟ್ಟುಕೊಂಡು ಗುಣಿಸಿ ನೋಡಬಹುದು. ಈ ತಿರುಗೇಟಿಗೆ ಬೆಚ್ಚಿದ ಕೈ ಅಲಗಿನ ಮೇಲೆ ಹೋಗುವುದೂ ಉಂಟು. ಸೀಳುತಗಡು ಕೊಯ್ದ ಸಂದನ್ನು ತೆರೆದೇ ಇಡುತ್ತದೆ. ಅದು ಅಲಗಿನ ಜೊತೆಗೇ ಏರಿಳಿಯಬೇಕು. ಅಲಗಿನ ಒಡಲಿಗಿಂತ ದಪ್ಪ, ಹಲ್ಲು ಬಿಡುವ ಸಂದಿಗಿಂತ ತೆಳು ಇರಬೇಕು.

ನಮ್ಮ ಕಡೆ ಇದರ ಅಗತ್ಯ ಹೆಚ್ಚೇ. ನೀಲಗಿರಿ ಬೆಳೆಯುವಾಗಲೇ ಒಡಲಿನಲ್ಲಿ ಬಿಗಿ ತುಂಬಿಕೊಳ್ಳುವ ಮರ. ಅದನ್ನು ಉದ್ದಕ್ಕೆ ಸೀಳಿದರೆ ಎರಡು ಹೋಳುಗಳೂ ಬಿಲ್ಲಿನಂತೆ ಬಾಗುತ್ತವೆ. ಸೀಳುತಗಡಿಲ್ಲದೆ ನೀಲಗಿರಿಯನ್ನು ಸೀಳಲು ನಾನಂತೂ ಒಪ್ಪುವುದಿಲ್ಲ.

ಮೂರನೆಯದು ಫೆನ್ಸ್, ಅಂದರೆ ಹಲಗೆ ಒರಗಿ ಸಾಗುವ ಪಟ್ಟಿ. ಕೊಳ್ಳಲು ಹೋಗುವಾಗ ಒಂದು ಸ್ಕೇಲು, ಒಂದು ಸೀಮೆಸುಣ್ಣ ಒಯ್ಯಿರಿ. ಪ್ಲಗ್ಗು ಕೀಳಿಸಿ, ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ, ಆ ಹಲ್ಲು ಮುಂದಿದ್ದಾಗ ಪಟ್ಟಿಗೆ ಇರುವ ದೂರ ಅಳೆಯಿರಿ. ಅಲಗನ್ನು ಕೈಯಿಂದ ತಿರುಗಿಸಿ ಅದೇ ಹಲ್ಲು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಎರಡೂ ಒಂದೇ ಆಗಿರಬೇಕು. ಹಿಂದೆ ಕೂದಲೆಳೆಯಷ್ಟು ಹೆಚ್ಚಿದ್ದರೆ ಚಿಂತೆಯಿಲ್ಲ, ಕಡಿಮೆಯಿದ್ದರೆ ಮರ ಅಲಗಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯನ್ನು ಬಿಚ್ಚಿ ಬಿಗಿದು ನಾಲ್ಕೈದು ಸಲ ಹೀಗೆ ಮಾಡಿ. ಒಂದೊಂದು ಸಲ ಒಂದೊಂದು ಲೆಕ್ಕ ಬಂದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.

ಉಳಿದ ವಿಚಾರಗಳನ್ನು ಬೇಗನೆ ಹೇಳುತ್ತೇನೆ. ಬಾಷ್, ಮಕಿಟಾ, ಡಿವಾಲ್ಟ್ ಮೊದಲಾದವರ ಎತ್ತಿ ಒಯ್ಯಬಹುದಾದ ಮಾದರಿಗಳು ಸಾಮಾನ್ಯವಾಗಿ 10 ಅಥವಾ 8¼ ಇಂಚಿನ ಅಲಗಿನವು, 20ರಿಂದ 26 ಕಿಲೋ ತೂಕದವು. 10 ಇಂಚಿನದು ಸುಮಾರು ಮೂರು ಇಂಚು ದಪ್ಪದ ಮರ ಕೊಯ್ಯುತ್ತದೆ. ಮನೆಗೆ ಅದಕ್ಕಿಂತ ಬೇಕಿಲ್ಲ. ಬೆಲೆ ಹೆಚ್ಚುಕಡಿಮೆ ಒಂದು ಒಳ್ಳೆಯ ಕರಾವಿನ ಬೆಲೆಯಾಯಿತು ಎಂದುಕೊಳ್ಳಿ. ಹೆಸರಿಲ್ಲದವು ಅದರ ಅರ್ಧಕ್ಕೂ ಸಿಗುತ್ತವೆ, ಆದರೆ ಅವುಗಳ ಕಾರ್ಬನ್ ಬ್ರಷ್ಷು ಸವೆದಾಗ ಬದಲಿ ಎಲ್ಲಿ ಸಿಗುತ್ತದೆ ಎಂದು ಕೇಳದೆ ಹಣ ಕೊಡಬೇಡಿ. ಮೋಟಾರಿನ ವಾಟ್ ಸಂಖ್ಯೆಗೆ ಮರುಳಾಗಬೇಡಿ. 1500ರಿಂದ 1800 ವಾಟ್ ಸಾಕು. ಇದಕ್ಕೆ ತ್ರೀ ಫೇಸ್ ಬೇಡ. ಆದರೆ 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ಥಿಂಗ್, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ದೀಪಕ್ಕೆಂದು ಇರುವ ಸಣ್ಣ ತಂತಿಯಲ್ಲಿ ಕೊಟ್ಟಿಗೆಯವರೆಗೆ ಎಳೆದರೆ ವೋಲ್ಟೇಜು ಕುಸಿದು ಮೋಟಾರು ಸುಡುತ್ತದೆ. ಮನೆಯ ದೀಪ-ಫ್ಯಾನಿಗೆ ಇಟ್ಟ ಯುಪಿಎಸ್ ಇದನ್ನು ಎಳೆಯಲಾರದು.

ಅಮೆರಿಕದಲ್ಲಿ ಮೇಜುಗರಗಸದ ಅಲಗಿಗೆ ತಗುಲಿ ಗಾಯಗೊಳ್ಳುವವರು ವರ್ಷಕ್ಕೆ ಸುಮಾರು 30 ಸಾವಿರ ಎಂದು ಅಲ್ಲಿನ ಸರ್ಕಾರವೇ ಅಂದಾಜಿಸಿದೆ. ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ, ಚರ್ಮ ತಗುಲಿದ ಕೂಡಲೇ ಅಲಗನ್ನು ಕ್ಷಣದಲ್ಲಿ ನಿಲ್ಲಿಸುವ ಸಾಸ್ಟಾಪ್ ಎಂಬ ಏರ್ಪಾಡನ್ನು ಕಂಡುಹಿಡಿದರು. ಅದು ಒಳ್ಳೆಯದು, ಆದರೆ ನಮ್ಮ ಬಜೆಟ್ಟಿನ ಮಾತಲ್ಲ. ನಮಗಿರುವುದು ಗಾರ್ಡು, ಸೀಳುತಗಡು ಮತ್ತು ತಾಳ್ಮೆ.

ಇನ್ನು ಬಳಕೆ. ಮೇಜುಗರಗಸ ದುಂಡು ಮರ ಸೀಳುವ ಯಂತ್ರವಲ್ಲ. ದುಂಡು ಮರ ಮೇಜಿನ ಮೇಲೆ ಉರುಳುತ್ತದೆ, ಅಲಗು ಅದನ್ನು ತಿರುಚಿ ಎಸೆಯುತ್ತದೆ. ಆ ಕೆಲಸ ಪರವಾನಗಿ ಇರುವ ಗರಗಸದ ಮಿಲ್ಲಿನದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದ ನಂತರ ಮಿಲ್ಲುಗಳ ಮೇಲೆ ಬಿಗಿ ಹಿಡಿತ ಬಂದಿತು. ಅದು ಒಳ್ಳೆಯದೇ ಆಯಿತು. ಮರ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್ ಮೊದಲಾದ ಕೆಲವಕ್ಕೆ ವಿನಾಯಿತಿ ಉಂಟು. ಸ್ವಂತ ಜಮೀನಿನ ಬೇವಿಗೂ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಮಿಲ್ಲಿನಿಂದ ಬಂದ ಹಲಗೆಯನ್ನು ನೆರಳಿನಲ್ಲಿ, ನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಪೇರಿಸಿ ಒಣಗಿಸಬೇಕು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನಮ್ಮ ಒಣ ಸೀಮೆಯಲ್ಲಿ ಅಷ್ಟು ಬೇಕಾಗದು, ಮಲೆನಾಡಿನಲ್ಲಿ ಬೇಕು. ಆಮೇಲೆ ಹತ್ತರಿ ಹೊಡೆದು ಒಂದು ಮುಖವನ್ನು ಸಮತಟ್ಟು, ಒಂದು ಅಂಚನ್ನು ನೇರ ಮಾಡಿಕೊಳ್ಳಿ. ಡೊಂಕು ಅಂಚನ್ನು ಪಟ್ಟಿಗೆ ಒರಗಿಸಿದರೆ ತಿರುಗೇಟು ಖಂಡಿತ. ಹಳೆಯ ತೊಲೆಯಾದರೆ ಮೊಳೆ ಹುಡುಕಿ. ಒಂದು ಆಯಸ್ಕಾಂತ ಹಿಡಿದು ಸವರಿದರೆ ತಿಳಿಯುತ್ತದೆ.

ಯಂತ್ರದ ಜೊತೆ ಬರುವ ಅಲಗು ಬಹುಶಃ ಎಲ್ಲಕ್ಕೂ ಆಗುವ 40 ಹಲ್ಲಿನದು. ಉದ್ದಕ್ಕೆ ಸೀಳಲು 24 ಹಲ್ಲಿನ ಇನ್ನೊಂದು ಕೊಳ್ಳಿ. ನಡುವಿನ ತೂತು 25.4 ಮಿಲಿಮೀಟರೋ 30 ಮಿಲಿಮೀಟರೋ ನೋಡಿಕೊಳ್ಳಿ. ಕರಿಜಾಲಿ, ಹುಣಸೆ, ಕಮರ ಇವು ಅಲಗಿನ ಹರಿತವನ್ನು ಬೇಗ ತಿನ್ನುತ್ತವೆ. ಕಮರವಂತೂ ನೀರಿನಲ್ಲಿ ಮುಳುಗುವಷ್ಟು ಭಾರದ ಮರ. ಮರ ಸುಟ್ಟ ವಾಸನೆ ಬಂದರೆ, ಒತ್ತುವ ಬಲ ಹೆಚ್ಚಾದರೆ, ಅಲಗು ಮೊಂಡಾಗಿದೆ ಎಂದರ್ಥ. ಮೊಂಡು ಅಲಗಿಗೆ ಬಲ ಹಾಕುವ ಕೈಯೇ ಜಾರುವ ಕೈ.

ಕೊಯ್ಯುವಾಗ ಹಲ್ಲು ಮರದಿಂದ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಮೇಲೆ ಕಾಣಲಿ. ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕೈ ಅಲಗಿನಿಂದ ಒಂದು ಗೇಣಿನಷ್ಟು ಹತ್ತಿರ ಬಂದರೆ ತಳ್ಳುಗೋಲು ಹಿಡಿಯಿರಿ. ಹಳೆಯ ಹಲಗೆಯ ಚೂರಿನಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು, ಎರಡು ಮಾಡಿಟ್ಟುಕೊಳ್ಳಿ. ಅಡ್ಡ ಕೊಯ್ಯುವಾಗ ತುಂಡಾಗುವ ಚೂರು ಪಟ್ಟಿಗೆ ತಾಗಿಕೊಂಡಿರಬಾರದು. ಕೈಚೀಲ, ಹೆಗಲ ಮೇಲಿನ ಟವೆಲ್, ಸೆರಗು, ಬಳೆ, ಕೈಗೆ ಕಟ್ಟಿದ ದಾರ ಇವೊಂದೂ ಬೇಡ. ಅಲಗು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮುಖಗವಸು ಬೇಕು. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಹೇಳಿದೆ. ಎಂಡಿಎಫ್ ಹಲಗೆಯ ಧೂಳಿನಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಸೇರಿರುತ್ತದೆ. ಹಾಗಾಗಿ ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕೊಯ್ಯುವುದು ಲೇಸು. ಬರಿಯ ಮರದ ಹೊಟ್ಟು ಗೊಬ್ಬರದ ಗುಂಡಿಗೆ ಹೋಗಲಿ. ಪ್ಲೈವುಡ್ಡಿನ ಹೊಟ್ಟು ಬೇಡ, ಅದರ ಚೂರುಗಳನ್ನು ಸ್ನಾನದ ಹಂಡೆಯ ಒಲೆಗೂ ಹಾಕಬೇಡಿ.

ಹೇಳಲು ಇಷ್ಟವಿಲ್ಲದ ಒಂದು ಮಾತನ್ನೂ ಹೇಳಲೇಬೇಕು. ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿರಿ. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಬೆರಳನ್ನು ಮರುಜೋಡಿಸುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಇಲ್ಲಿಂದ ಬೆಂಗಳೂರು ನೂರು ಕಿಲೋಮೀಟರಿನ ಆಸುಪಾಸು, ಬೇಗ ಹೊರಟರೆ ಸಮಯವಿದೆ. ನನಗೆ ಆ ದಿನ ಇದು ಗೊತ್ತಿರಲಿಲ್ಲ. ತುಂಡು ಹೊಟ್ಟಿನ ರಾಶಿಯಲ್ಲಿ ಸಿಕ್ಕಿದ್ದು ಮರುದಿನ.

ಐದಾರು ಮನೆಗಳು ಸೇರಿ ಒಂದು ಯಂತ್ರ ಕೊಳ್ಳಬಹುದೇ ಎಂದು ಸಭೆಗೆ ಮೊದಲು ಒಬ್ಬರು ಕೇಳಿದರು. ಕೊಳ್ಳಬಹುದು, ಅದೇ ಸರಿ. ವರ್ಷಕ್ಕೆ ಇಪ್ಪತ್ತು ದಿನ ಕೆಲಸ ಮಾಡುವ ಯಂತ್ರ ಪ್ರತಿ ಮನೆಯಲ್ಲೂ ಏಕೆ? ಆದರೆ ಅದು ಒಬ್ಬರ ಜವಾಬ್ದಾರಿಯಲ್ಲಿರಲಿ. ಗಾರ್ಡು ಬಿಚ್ಚಿಟ್ಟು ಹಿಂದಿರುಗಿಸಿದವರಿಗೆ ಮತ್ತೆ ಕೊಡಬೇಡಿ, ನೆಂಟರಾದರೂ ಸರಿ.

ಈಗ ಅಂಗಳಕ್ಕೆ ಹೋಗೋಣ. ಅಲ್ಲಿ ಒಂದು ಯಂತ್ರವಿದೆ, ನಾಲ್ಕು ಸಿಲ್ವರ್ ಓಕ್ ಹಲಗೆಗಳಿವೆ. ಜೇನುಪೆಟ್ಟಿಗೆಯ ಒಂದು ಚೌಕಟ್ಟಿಗೆ ಬೇಕಾದ ಪಟ್ಟಿಗಳನ್ನು ಕೊಯ್ದು ತೋರಿಸುತ್ತೇನೆ. ಮಕ್ಕಳು ನನ್ನ ಎಡಕ್ಕೆ, ಸುಣ್ಣದ ಗೆರೆಯ ಆಚೆಗೆ ನಿಲ್ಲಲಿ. ಹಿಂದೆ ಯಾರೂ ನಿಲ್ಲಬೇಡಿ.