ಗುತ್ತಿಗೆಯ ಸರಕುಬಂಡಿ



ಪಟ್ಟಣದಲ್ಲಿ ಸಣ್ಣ ಬಂಡವಾಳದಿಂದ ವ್ಯಾಪಾರ ನಡೆಯಿಸುವವರಿಗೆ ಒಂದಲ್ಲ ಒಂದು ದಿನ ಬಂಡಿಯ ಯೋಚನೆ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಬ್ರೆಡ್ಡು ಬನ್ನುಗಳನ್ನು ಮಾಡಿ ಅಂಗಡಿಗಳಿಗೆ ಒದಗಿಸುವ ಬೇಕರಿಯವರೊಬ್ಬರನ್ನು ನೆನೆಯೋಣ. ಅಂಗಡಿಗಳು ಇಪ್ಪತ್ತಿರುವವರೆಗೆ ಸೈಕಲ್ಲು, ಆಟೋರಿಕ್ಷಾಗಳಲ್ಲಿ ಕೆಲಸ ಸಾಗಿತು. ಈಗ ನಲವತ್ತಾಗಿವೆ; ಬೆಳಗಿನ ಆರು ಗಂಟೆಯೊಳಗೆ ಸರಕು ಮುಟ್ಟಬೇಕು. ವ್ಯಾನನ್ನು ಕೊಳ್ಳೋಣವೆಂದರೆ ಮೈದಾ, ಸಕ್ಕರೆ, ಬೆಣ್ಣೆಗಳಿಗೆ ಇಟ್ಟ ಹಣಕ್ಕೆ ಕೈಹಾಕಬೇಕಾಗುತ್ತದೆ. ಇಂಥವರಿಗೆ ಗುತ್ತಿಗೆಯೆಂಬ ದಾರಿಯೊಂದುಂಟು. ತಿಂಗಳಿಗೆ ಇಷ್ಟೆಂದು ಬಾಡಿಗೆ ಕೊಟ್ಟು, ಗೊತ್ತಾದ ಅವಧಿಯವರೆಗೆ ಬಂಡಿಯನ್ನು ಇಟ್ಟುಕೊಂಡು, ಕಡೆಯಲ್ಲಿ ಹಿಂತಿರುಗಿಸುವುದು ಇದರ ಕ್ರಮ. ಇದರ ಗುಣದೋಷಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ನಾವು ಹೇಳುವ ಅಂಕಿಗಳು ದೃಷ್ಟಾಂತಕ್ಕಾಗಿ ಊಹಿಸಿಕೊಂಡವು. ಬಂಡಿಯ ಬೆಲೆ 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 1,60,000 ರೂಪಾಯಿಗಳನ್ನು ಕೈಯಿಂದ ಹಾಕಿ, ಉಳಿದುದನ್ನು ವರ್ಷಕ್ಕೆ ನೂರಕ್ಕೆ 10ರ ಬಡ್ಡಿಯಂತೆ ಸಾಲ ತಂದರೆ, 48 ತಿಂಗಳ ಕಾಲ ತಿಂಗಳಿಗೆ ಸುಮಾರು 16,230 ರೂಪಾಯಿ ಕಟ್ಟಬೇಕು. ಒಟ್ಟು ಸುಮಾರು 9,39,000 ರೂಪಾಯಿ ಆಯಿತು. ಅದೇ ಬಂಡಿ ತಿಂಗಳಿಗೆ 18,000 ರೂಪಾಯಿ ಗುತ್ತಿಗೆಗೆ ದೊರೆತರೆ, ಅಷ್ಟೇ ಕಾಲಕ್ಕೆ 8,64,000 ರೂಪಾಯಿ. ಮೇಲ್ನೋಟಕ್ಕೆ ಗುತ್ತಿಗೆಯಲ್ಲಿ 75,000 ರೂಪಾಯಿ ಉಳಿಯಿತು. ಆದರೆ ನಾಲ್ಕು ವರ್ಷಗಳ ತರುವಾಯ ಕೊಂಡವನ ಅಂಗಳದಲ್ಲಿ ಬಂಡಿ ನಿಂತಿರುತ್ತದೆ. ಗುತ್ತಿಗೆಯವನ ಅಂಗಳ ಬರಿದು. ಹಳೆಯ ಬಂಡಿಗೆ 75,000ಕ್ಕಿಂತ ಹೆಚ್ಚು ಬೆಲೆ ಬರುವುದಾದರೆ ಕೊಂಡದ್ದೇ ಮೇಲು. ಇನ್ನೊಂದು ಕಡೆ, ಗುತ್ತಿಗೆ ಹಿಡಿದವನ ಕೈಯಲ್ಲಿ 1,60,000 ರೂಪಾಯಿ ಉಳಿಯಿತಷ್ಟೆ. ಅದು ವ್ಯಾಪಾರದಲ್ಲಿ ತಿರುಗಿ ಎಷ್ಟು ಸಂಪಾದಿಸುವುದೆಂಬುದನ್ನು ಆ ವ್ಯಾಪಾರಿಯೇ ಬಲ್ಲನು. ವಿಮೆಯ ಕಂತು, ರಿಪೇರಿ, ಟೈರುಗಳು ಬಾಡಿಗೆಯಲ್ಲಿ ಸೇರಿವೆಯೇ, 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ಅದರಲ್ಲಿ ಅಡಕವೇ ಹೊರತೇ ಎಂಬುದನ್ನು ತಿಳಿಯದೆ ಈ ತೂಕ ಪೂರ್ತಿಯಾಗದು.

ಗುತ್ತಿಗೆಯ ಪತ್ರಗಳಲ್ಲಿ ಬಂಡಿ ಓಡಬಹುದಾದ ದೂರಕ್ಕೆ ಮಿತಿ ಇರುವುದುಂಟು. ಮಿತಿ ತಿಂಗಳಿಗೆ 1,500 ಕಿಲೋಮೀಟರು. ನಮ್ಮ ಬೇಕರಿಯ ಬಂಡಿ ದಿನಕ್ಕೆ 70 ಕಿಲೋಮೀಟರಿನಂತೆ 26 ದಿನ ಓಡಿದರೆ 1,820 ಆಯಿತು. ಮೀರಿದ 320 ಕಿಲೋಮೀಟರಿಗೆ ತಲಾ 8 ರೂಪಾಯಿಯಾದರೆ ತಿಂಗಳಿಗೆ 2,560 ರೂಪಾಯಿ. 48 ತಿಂಗಳಿಗೆ 1,22,880 ರೂಪಾಯಿ. ಹಿಂದೆ ಕಂಡ ಉಳಿತಾಯವೆಲ್ಲ ಇಲ್ಲಿ ಕರಗಿತು. ಆದಕಾರಣ ಸಹಿ ಹಾಕುವ ಮುನ್ನ ಒಂದು ತಿಂಗಳ ಸುತ್ತಾಟವನ್ನು ದಿನದಿನವೂ ಬರೆದಿಟ್ಟು ನೋಡುವುದು ವಿವೇಕ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಈ ಬಂಡಿಯ ಒಡೆಯರು ಯಾರು? ಕಾನೂನು ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತದೆ. ಮಣಿಪಾಲದ ಐ.ಸಿ.ಡಿ.ಎಸ್. ಸಂಸ್ಥೆಯು ಗುತ್ತಿಗೆಗೆ ಕೊಟ್ಟಿದ್ದ ವಾಹನಗಳು ಗಿರಾಕಿಗಳ ಹೆಸರಿನಲ್ಲಿ ನೋಂದಣಿಯಾಗಿದ್ದವು. ಹಾಗಿದ್ದರೂ ಒಡೆಯನಾದ ಆ ಸಂಸ್ಥೆಗೇ ಆದಾಯ ತೆರಿಗೆಯಲ್ಲಿ ಸವಕಳಿಯ ರಿಯಾಯಿತಿ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು. ಆದರೆ 1988ರ ಮೋಟಾರು ವಾಹನಗಳ ಕಾಯಿದೆಯ 2ನೆಯ ಪ್ರಕರಣದ 30ನೆಯ ಉಪಪ್ರಕರಣವು, ಗುತ್ತಿಗೆಯ ಕರಾರಿಗೆ ಒಳಪಟ್ಟ ವಾಹನಕ್ಕೆ ಅದನ್ನು ಸ್ವಾಧೀನದಲ್ಲಿಟ್ಟುಕೊಂಡವನೇ ಮಾಲೀಕನೆಂದು ಹೇಳುತ್ತದೆ. ಎಂದರೆ, ಸ್ವತ್ತಿನ ಸೌಲಭ್ಯ ಕೊಟ್ಟವನದು, ರಸ್ತೆಯ ಹೊಣೆ ಪಡೆದವನದು.

ಇದು ಬರಿಯ ಶಬ್ದಗಳ ಜಿಜ್ಞಾಸೆಯಲ್ಲ. ನಸುಕಿನಲ್ಲಿ ಹೊರಟ ಬಂಡಿಯು ದಾರಿಹೋಕನೊಬ್ಬನಿಗೆ ಬಡಿಯಿತೆಂದು ಭಾವಿಸಿ. ವಿಮೆ ಊರ್ಜಿತವಾಗಿದ್ದರೆ ವಿಮೆಯ ಸಂಸ್ಥೆಯು ಪರಿಹಾರಕ್ಕೆ ನಿಲ್ಲುವುದು. ಕಂತು ಕಟ್ಟುವುದು ಅವರ ಕೆಲಸವೆಂದು ಇವರು, ಇವರ ಕೆಲಸವೆಂದು ಅವರು ಸುಮ್ಮನಿದ್ದು ವಿಮೆ ತೀರಿಹೋಗಿದ್ದರೆ, ನೊಂದವನ ಕುಟುಂಬಕ್ಕೆ ಸಲ್ಲಬೇಕಾದ ಹಣದ ಹೊರೆ ಬೇಕರಿಯವರ ತಲೆಯ ಮೇಲೆ ಬೀಳಬಹುದು. ನಾಲ್ಕು ವರ್ಷಗಳ ಲಾಭವೇಕೆ, ಬೇಕರಿಯೇ ಆ ಹೊರೆಯಡಿಯಲ್ಲಿ ಕುಸಿದೀತು. ಒಟ್ಟು ತೂಕ 3,000 ಕಿಲೋಗ್ರಾಮನ್ನು ಮೀರದ ಸರಕುವಾಹನಕ್ಕೆ ಅದೇ ಕಾಯಿದೆಯ 66ನೆಯ ಪ್ರಕರಣವು ಪರ್ಮಿಟ್ಟಿನಿಂದ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ವಿಮೆಯಿಂದಲಾಗಲಿ ಯೋಗ್ಯತಾಪತ್ರದಿಂದಲಾಗಲಿ ವಿನಾಯಿತಿಯಿಲ್ಲ. ಪಾಲಿಸಿಯ ಪ್ರತಿ ನಮ್ಮಲ್ಲಿರಬೇಕು. ಅದು ಮುಗಿಯುವ ದಿನಾಂಕ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿರಬೇಕು.

ವ್ಯಾಪಾರ ಕುಗ್ಗಿ ನಡುವೆ ಬಂಡಿಯನ್ನು ಒಪ್ಪಿಸಬೇಕಾಗಿ ಬಂದರೆ ಏನು ಗತಿಯೆಂಬುದನ್ನೂ ಕರಾರಿನಲ್ಲಿ ಓದಬೇಕು. ಕರಾರು ಮುರಿದಾಗ ತೆರಬೇಕೆಂದು ಬರೆದಿಟ್ಟ ಮೊತ್ತ ಎಷ್ಟೇ ಇರಲಿ, ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರ ಮಾತ್ರ ಸಲ್ಲುವುದೆಂದು 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಪ್ರಕರಣವು ವಿಧಿಸಿದೆ. ಆದರೆ ಆ ನ್ಯಾಯವನ್ನು ಪಡೆಯಲು ಕೋರ್ಟಿನ ಮೆಟ್ಟಿಲು ಹತ್ತಬೇಕು. ಸಣ್ಣ ವ್ಯಾಪಾರಿಗೆ ಆ ಪುರುಸೊತ್ತೆಲ್ಲಿ? ಷರತ್ತನ್ನು ಮೊದಲೇ ಸಡಿಲಿಸಿಕೊಳ್ಳುವುದು ಅಗ್ಗದ ಉಪಾಯ. ಬಂಡಿಯನ್ನು ಪಡೆಯುವ ದಿನ ಅದರ ಮೈಮೇಲಿನ ಗೀರುಗಳ ಚಿತ್ರ ತೆಗೆದಿಡುವುದೂ ಅಂಥದೇ ಉಪಾಯ.

ಗುತ್ತಿಗೆ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿಗೆ ಅದು ಅನುಗುಣವಾದ ಏರ್ಪಾಟೇ ಸರಿ. ಬಾಡಿಗೆಯ ಬಂಡಿ ನಮ್ಮದಲ್ಲವೆಂಬ ಉದಾಸೀನ ಮಾತ್ರ ಸಲ್ಲದು. ಅದು ನಮ್ಮ ಆಸ್ತಿಯಲ್ಲದಿದ್ದರೂ, ರಸ್ತೆಗಿಳಿದ ಗಳಿಗೆಯಿಂದ ಅದರ ಹೊಣೆ ನಮ್ಮದು.